ಅಂಚು ಮೂಲೆಯಲ್ಲಿ ತಿರುಗುವ ಬಗೆ: ಕರ್ಣಸಂಧಿಯ ಹೊಲಿಗೆಯನ್ನು ಕುರಿತು ಒಂದು ಚಾರಿತ್ರಿಕ ವಿವೇಚನೆ

೧

ಬಟ್ಟೆಯ ಚರಿತ್ರೆಯನ್ನು ಬರೆದ ವಿದ್ವಾಂಸರು ನೂಲು, ಬಣ್ಣ, ನೇಯ್ಗೆ, ವ್ಯಾಪಾರ ಎಂಬ ನಾಲ್ಕು ವಿಷಯಗಳಿಗೆ ಹೆಚ್ಚಿನ ಗಮನವನ್ನು ಕೊಟ್ಟಿದ್ದಾರೆ. ಹೊಲಿಗೆಗೆ ಅಷ್ಟು ಗೌರವ ದೊರೆತಂತೆ ಕಾಣುವುದಿಲ್ಲ. ಇದಕ್ಕೆ ಕಾರಣವೂ ಉಂಟು. ನೇಕಾರನು ರಾಜ್ಯದ ಲೆಕ್ಕಕ್ಕೆ ಸಿಕ್ಕುವವನು. ವಿಜಯನಗರದ ಕಾಲದ ಶಾಸನಗಳಲ್ಲಿ ಮಗ್ಗದೆರೆಯ ಉಲ್ಲೇಖಗಳು ಬರುತ್ತವೆ. ವರ್ತಕನು ಪತ್ರಗಳನ್ನೂ ಸರಕಿನ ಪಟ್ಟಿಗಳನ್ನೂ ಬಿಟ್ಟುಹೋಗುತ್ತಾನೆ. ಆದರೆ ಮನೆಯೊಳಗೆ ಕುಳಿತು ಎರಡು ತುಂಡು ಅರಿವೆಗಳನ್ನು ಕೂಡಿಸಿದವರು ತೆರಿಗೆಯ ಪಟ್ಟಿಯಲ್ಲಿಲ್ಲ, ಪತ್ರಗಳಲ್ಲಿಯೂ ಇಲ್ಲ. ಅವರ ಕೆಲಸಕ್ಕೆ ಇರುವ ದಾಖಲೆಯೆಂದರೆ ಆ ಕೂಡಿಕೆಯೊಂದೇ.

ಇಂತಹ ಕೂಡಿಕೆಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಂಡು, ಅದನ್ನು ದಾಖಲೆಯೆಂದು ಓದುವುದು ಹೇಗೆ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಹಾಸಿನ ಅಥವಾ ಹೊದಿಕೆಯ ಸುತ್ತ ಹಚ್ಚಿದ ಅಂಚು ಮೂಲೆಗೆ ಬಂದಾಗ ತಿರುಗಬೇಕಷ್ಟೆ. ಹಾಗೆ ತಿರುಗುವಲ್ಲಿ ಎರಡು ಪಟ್ಟಿಗಳನ್ನೂ ಓರೆಯಾಗಿ ಕತ್ತರಿಸಿ, ಮೂಲೆಯ ಕೋನವನ್ನು ಸರಿಯಾಗಿ ಎರಡು ಭಾಗ ಮಾಡುವ ಗೆರೆಯ ಮೇಲೆ ಹೊಲಿಯುವ ಕ್ರಮವೊಂದಿದೆ. ಚಿತ್ರದ ಚೌಕಟ್ಟನ್ನು ಮಾಡುವ ಬಡಗಿಯೂ ಮರದ ಪಟ್ಟಿಗಳನ್ನು ಹೀಗೆಯೇ ಕೂಡಿಸುತ್ತಾನೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಮೈಟರ್’ ಎಂದು ಹೆಸರು. ತಲೆಪಟ್ಟಿ, ಶಿರೋವೇಷ್ಟನ ಎಂಬ ಅರ್ಥದ ಗ್ರೀಕ್ ಶಬ್ದದಿಂದ ಕ್ರೈಸ್ತ ಧರ್ಮಾಧ್ಯಕ್ಷರ ಮೊನೆಯುಳ್ಳ ಕಿರೀಟಕ್ಕೆ ಆ ಹೆಸರು ಬಂದಿತು; ಎರಡು ಓರೆಗಳು ಕೂಡುವ ಈ ಸಂಧಿಗೂ ಅದೇ ಶಬ್ದ ಅನ್ವಯವಾಗಿರಬೇಕೆಂದು ನಿಘಂಟುಕಾರರು ಊಹಿಸುತ್ತಾರೆ. ಪ್ರಸ್ತುತ ಲೇಖನದಲ್ಲಿ ಇದನ್ನು ಕರ್ಣಸಂಧಿ ಎಂದು ಕರೆಯೋಣ. ಒಂದು ಪಟ್ಟಿಯ ತುದಿಯನ್ನು ಮತ್ತೊಂದರ ಪಕ್ಕಕ್ಕೆ ಓರೆಯಿಲ್ಲದೆ ತಂದು ಹೊಲಿಯುವ ಸರಳ ಕ್ರಮವನ್ನು ನೇರಸಂಧಿ ಎನ್ನೋಣ.

ಹೊಲಿಗೆಯನ್ನು ಬಲ್ಲವರಲ್ಲಿ ಕರ್ಣಸಂಧಿಯು ನೈಪುಣ್ಯದ ಗುರುತೆಂದೂ ನೇರಸಂಧಿಯು ಕಲಿಯುವವರ ಕೆಲಸವೆಂದೂ ಒಂದು ಭಾವನೆಯಿದೆ. ವಸ್ತುಸಂಗ್ರಹಾಲಯಗಳ ವಿವರಣೆಗಳಲ್ಲಿಯೂ ಈ ಭಾವನೆ ಕೆಲವೊಮ್ಮೆ ನುಸುಳುತ್ತದೆ. ಈ ತಾರತಮ್ಯವು ಚರಿತ್ರೆಯ ಪರೀಕ್ಷೆಗೆ ನಿಲ್ಲುವುದಿಲ್ಲ ಎಂಬುದು ಇಲ್ಲಿಯ ಪ್ರತಿಪಾದನೆ. ಮೂಲೆಯು ಮುಖ್ಯವಾಗಿ ಹೇಳುವುದು ಕೈಯ ನೈಪುಣ್ಯವನ್ನಲ್ಲ. ಅರಿವೆ ಎಷ್ಟು ಉದ್ದವಾಗಿ ದೊರೆಯುತ್ತಿತ್ತು, ಅದರ ಮೇಲಿನ ಚಿತ್ರಕ್ಕೆ ದಿಕ್ಕು ಇತ್ತೇ ಇಲ್ಲವೇ, ಕೆಲಸದ ಕೊನೆಯ ಅಳತೆ ಯಾವ ಘಟ್ಟದಲ್ಲಿ ನಿರ್ಧಾರವಾಯಿತು ಎಂಬ ಮೂರು ಸಂಗತಿಗಳನ್ನು ಅದು ಹೇಳುತ್ತದೆ.

೨

ಮೊದಲು ಸಮಸ್ಯೆಯ ಸ್ವರೂಪವನ್ನು ಸ್ಪಷ್ಟಪಡಿಸಿಕೊಳ್ಳುವುದು ಆವಶ್ಯಕ. ಅದಕ್ಕೆ ಮೇಜಿನ ನಡುವೆ ಉದ್ದಕ್ಕೆ ಹಾಸುವ ಕಿರಿದಾದ ಬಟ್ಟೆ, ಎಂದರೆ ‘ಟೇಬಲ್ ರನ್ನರ್’, ಒಳ್ಳೆಯ ಉದಾಹರಣೆ. ಪಾಶ್ಚಾತ್ಯ ಮನೆಗಳಲ್ಲಿ ಇದು ಬಹಳ ಪ್ರಾಚೀನವಾದುದಲ್ಲ. ಮಧ್ಯಯುಗದ ಯೂರೋಪಿನಲ್ಲಿ ಊಟದ ಮೇಜೆಂದರೆ ಕಾಲುಗಳ ಮೇಲೆ ಇರಿಸಿದ ಹಲಗೆ; ಊಟವಾದ ಮೇಲೆ ಬಿಚ್ಚಿ ತೆಗೆದಿಡುವಂಥದು. ಒರಟು ಹಲಗೆಯನ್ನು ಪೂರ್ತಿಯಾಗಿ ಮುಚ್ಚುವುದೇ ಅಲ್ಲಿ ಬಟ್ಟೆಯ ಕೆಲಸ. ಮುಂದೆ ಹೊಳಪು ಕೊಟ್ಟ ಮಹೋಗನಿ ಮರದ ಮೇಜುಗಳು ಬಂದು, ಮರವನ್ನೇ ತೋರಿಸಬೇಕೆಂಬ ಅಭಿರುಚಿ ಬೆಳೆದ ಮೇಲೆ, ಎರಡು ಪಕ್ಕಗಳಲ್ಲಿಯೂ ಮರ ಕಾಣುವಂತೆ ಬಿಟ್ಟು ನಡುವೆ ಮಾತ್ರ ಹಾಸುವ ಬಟ್ಟೆಗೆ ಅರ್ಥ ಬಂದಿತು. ಹತ್ತೊಂಬತ್ತನೆಯ ಶತಮಾನದ ಕೊನೆ ಮತ್ತು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇದು ಮನೆಯ ಹೊಲಿಗೆಯ ಸಾಮಾನ್ಯ ವಸ್ತುವಾಯಿತು. ಅಮೆರಿಕದಲ್ಲಿ ಗುಸ್ತಾವ್ ಸ್ಟಿಕ್ಲಿ ಎಂಬಾತನು ೧೯೦೧ರಿಂದ ೧೯೧೬ರವರೆಗೆ ನಡೆಸಿದ ‘ದಿ ಕ್ರಾಫ್ಟ್ಸ್‌ಮನ್’ ಪತ್ರಿಕೆಯು ಸರಳವಾದ ಮರದ ಪೀಠೋಪಕರಣಗಳ ಜತೆಗೆ, ಅವಕ್ಕೆ ಒಪ್ಪುವ ನಾರುಬಟ್ಟೆಯ ಮೇಜುಹಾಸುಗಳನ್ನೂ ಗೃಹಿಣಿಯರಿಗೆ ಪರಿಚಯಮಾಡಿಕೊಟ್ಟಿತು.

ಇಂತಹ ಹಾಸಿನ ಎರಡು ತುದಿಗಳನ್ನು ಚೌಕವಾಗಿ ಬಿಡದೆ ಮೊನೆಯಾಗಿ ಕತ್ತರಿಸುವ ರೂಢಿಯಿದೆ. ಆಗ ಅದು ಆರು ಮೂಲೆಗಳ ಆಕೃತಿಯಾಗುತ್ತದೆ: ತುದಿಗೊಂದರಂತೆ ಎರಡು ಮೊನೆಗಳು, ಉದ್ದದ ಪಕ್ಕವು ಓರೆಯ ಪಕ್ಕವನ್ನು ಕೂಡುವಲ್ಲಿ ನಾಲ್ಕು ಹೆಗಲುಗಳು. ಆರು ಭುಜಗಳ ಆಕೃತಿಯ ಒಳಕೋನಗಳ ಮೊತ್ತ ೭೨೦ ಅಂಶ. ಮೊನೆಯ ಕೋನವನ್ನು ೯೦ ಅಂಶವೆಂದಿಟ್ಟುಕೊಂಡರೆ ನಾಲ್ಕು ಹೆಗಲುಗಳಿಗೆ ೫೪೦ ಅಂಶ ಉಳಿಯುತ್ತದೆ. ಎಂದರೆ ಒಂದೊಂದಕ್ಕೆ ೧೩೫ ಅಂಶ. ಕರ್ಣಸಂಧಿಯ ನಿಯಮ ಒಂದೇ: ಸಂಧಿಯ ಗೆರೆ ಕೋನವನ್ನು ಅರ್ಧಿಸಬೇಕು. ಆದುದರಿಂದ ಮೊನೆಯಲ್ಲಿ ಪಟ್ಟಿಯನ್ನು ೪೫ ಅಂಶಕ್ಕೂ ಹೆಗಲಿನಲ್ಲಿ ಅರುವತ್ತೇಳೂವರೆ ಅಂಶಕ್ಕೂ ಕತ್ತರಿಸಬೇಕಾಗುತ್ತದೆ. ಮೊನೆಯನ್ನು ಇನ್ನೂ ಚೂಪಾಗಿಸಿ ೬೦ ಅಂಶ ಮಾಡಿದರೆ ಹೆಗಲು ೧೫೦ ಅಂಶವಾಗುತ್ತದೆ. ಆಗ ಕತ್ತರಿಸಬೇಕಾದ ಕೋನಗಳು ಕ್ರಮವಾಗಿ ೩೦ ಮತ್ತು ೭೫. ಎಲ್ಲ ಮೂಲೆಗಳಿಗೂ ೪೫ ಅಂಶವೇ ಸಲ್ಲುತ್ತದೆಂದು ತಿಳಿದವರ ಹಾಸು ಹೆಗಲಿನಲ್ಲಿ ಸುಕ್ಕುಗಟ್ಟುವುದು ಈ ಕಾರಣದಿಂದಲೇ.

ಒಂದು ಲೆಕ್ಕವನ್ನು ನೋಡಬಹುದು. ಒಡಲಿನ ಅಗಲ ೧೨ ಅಂಗುಲ, ಮೊನೆ ೯೦ ಅಂಶ, ಅಂಚುಪಟ್ಟಿಯ ಅಗಲ ೨ ಅಂಗುಲ ಎಂದಿಟ್ಟುಕೊಳ್ಳೋಣ. ಒಡಲಿನ ಓರೆಪಕ್ಕ ಸುಮಾರು ಎಂಟೂವರೆ ಅಂಗುಲ. ಆದರೆ ಅದಕ್ಕೆ ಹಚ್ಚುವ ಪಟ್ಟಿಯ ಹೊರಪಕ್ಕ ಹನ್ನೊಂದು ಅಂಗುಲಕ್ಕೂ ಮೇಲೆ ಇರಬೇಕು: ಮೊನೆಯ ಕಡೆ ಪೂರ್ತಿ ೨ ಅಂಗುಲ, ಹೆಗಲಿನ ಕಡೆ ಮುಕ್ಕಾಲು ಅಂಗುಲಕ್ಕಿಂತ ತುಸು ಹೆಚ್ಚು. ಮೊನೆ ಚೂಪಾದಷ್ಟೂ ಅಲ್ಲಿ ಬೇಕಾಗುವ ಹೆಚ್ಚುವರಿ ಅರಿವೆ ಬೆಳೆಯುತ್ತದೆ. ಒಡಲಿನ ಅಂಚಿಗೆ ಸಮನಾಗಿ ಪಟ್ಟಿಯನ್ನು ಕತ್ತರಿಸಿಕೊಂಡವರಿಗೆ ಮೂಲೆಯಲ್ಲಿ ಅರಿವೆ ಸಾಲದೆ ಬರುತ್ತದೆ. ಹೊಲಿಗೆ ಮೊದಲಾಗುವುದಕ್ಕೆ ಮುಂಚೆಯೇ ಹೊರಗಿನ ಅಳತೆ ಗೊತ್ತಿರಬೇಕು ಎಂಬುದು ಕರ್ಣಸಂಧಿಯ ಮೊದಲ ಷರತ್ತು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದಿನ ವಾದವೆಲ್ಲ ಇದನ್ನು ಅವಲಂಬಿಸಿದೆ.

ಹೊಲಿಯುವ ಕ್ರಮವೂ ಇದಕ್ಕೆ ತಕ್ಕಂತಿದೆ. ಪಟ್ಟಿಯನ್ನು ಒಡಲಿಗೆ ಹೊಲಿಯುವಾಗ ಅಂಚಿನ ಕೊನೆಯವರೆಗೆ ಹೋಗದೆ, ಹೊಲಿಗೆಗೆಂದು ಬಿಟ್ಟ ಕಾಲಂಗುಲದ ಮುಂಚೆಯೇ ಸೂಜಿಯನ್ನು ನಿಲ್ಲಿಸಬೇಕು. ಎದುರಿನ ಪಟ್ಟಿಯ ಹೊಲಿಗೆಯೂ ಅದೇ ಬಿಂದುವಿನಲ್ಲಿ ನಿಲ್ಲಬೇಕು. ಬಳಿಕ ಒಡಲನ್ನು ಓರೆಯಾಗಿ ಮಡಿಸಿ, ಎರಡು ಪಟ್ಟಿಗಳನ್ನು ಒಂದರ ಮೇಲೊಂದು ಹೊಂದಿಸಿ, ಆ ಬಿಂದುವಿನಿಂದ ಹೊರಮುಖವಾಗಿ ಸಂಧಿಯನ್ನು ಹೊಲಿಯಬೇಕು. ಒಂದು ಹೊಲಿಗೆ ಹೆಚ್ಚಾದರೆ ಮೂಲೆ ಎಳೆಯುತ್ತದೆ. ಒಂದು ಕಡಮೆಯಾದರೆ ಅಲ್ಲಿ ಕಂಡಿ ಉಳಿಯುತ್ತದೆ. ಮೊನೆಯುಳ್ಳ ಹಾಸಿನಲ್ಲಿ ಇನ್ನೊಂದು ತೊಡಕಿದೆ. ಮೊನೆ ೯೦ ಅಂಶವಿದ್ದಾಗ ಓರೆಪಕ್ಕವು ಹಾಸುನೂಲಿಗೂ ಹೊಕ್ಕುನೂಲಿಗೂ ೪೫ ಅಂಶದಲ್ಲಿ ಕತ್ತರಿಸಲ್ಪಟ್ಟಿರುತ್ತದೆ. ದರ್ಜಿಗಳು ‘ಕ್ರಾಸ್’ ಎಂದು ಕರೆಯುವ ಈ ಕತ್ತರಿಕೆಯಲ್ಲಿ ಅರಿವೆ ಎಳೆದಷ್ಟೂ ಹಿಗ್ಗುತ್ತದೆ. ನೂಲಿನ ನೇರಕ್ಕೆ ಕತ್ತರಿಸಿದ, ಅಳತೆ ತಪ್ಪದ ಅಂಚುಪಟ್ಟಿಯೇ ಆ ಹಿಗ್ಗುವ ಪಕ್ಕವನ್ನು ಹಿಡಿದು ನಿಲ್ಲಿಸುತ್ತದೆ. ಅಂಚು ಇಲ್ಲಿ ಅಲಂಕಾರ ಮಾತ್ರವಲ್ಲ. ಹಾಸಿನ ಆಕಾರವನ್ನು ಕಾಯುವುದೂ ಅದೇ.

೩

ಮೂಲೆಯ ಸಮಸ್ಯೆ ಹೊಲಿಗೆಗಿಂತ ಮೊದಲು ಮಗ್ಗದ್ದು. ಮಗ್ಗದಲ್ಲಿ ಹಾಸು ಮತ್ತು ಹೊಕ್ಕುಗಳು ಲಂಬವಾಗಿ ಕೂಡುತ್ತವೆ. ಉದ್ದದ ಅಂಚು ಹಾಸಿನ ನೂಲಿನಿಂದ ಆಗುವುದು. ಅಡ್ಡದ ಅಂಚು ಹೊಕ್ಕಿನಿಂದ ಆಗುವುದು. ಒಂದೇ ಚಿತ್ರವು ಉದ್ದದಿಂದ ಅಡ್ಡಕ್ಕೆ ಸರಾಗವಾಗಿ ತಿರುಗುವುದು ಮಗ್ಗದ ಸ್ವಭಾವಕ್ಕೆ ಒಗ್ಗುವುದಿಲ್ಲ.

ನಮ್ಮ ಸೀರೆಯು ಈ ಸಮಸ್ಯೆಯನ್ನು ಬಿಡಿಸಲು ಹೋಗುವುದೇ ಇಲ್ಲ. ಸೀರೆಯಲ್ಲಿ ಅಂಚು ತಿರುಗುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅಲ್ಲಿ ಎರಡು ಬದಿಯ ದಡಿಗಳು ಉದ್ದಕ್ಕೂ ಓಡುತ್ತವೆ. ಸೆರಗು ತನ್ನದೇ ಆದ ಕೆಂಪು ರೇಷ್ಮೆಯ ಹಾಸಿನಿಂದ ನೇಯಲ್ಪಡುತ್ತದೆ. ಒಡಲಿನ ಹಾಸಿನ ಎಳೆಗಳನ್ನು ಸೆರಗಿನ ಹಾಸಿನ ಎಳೆಗಳಿಗೆ ಒಂದರೊಳಗೊಂದು ಸಿಕ್ಕಿಸಿ ಕೂಡಿಸುವ ಕೊಂಡಿಯ ಕ್ರಮ ಆ ಊರಿನ ವಿಶೇಷ. ಇದು ಸೂಜಿಯಿಲ್ಲದ ಸಂಧಿ. ಅಂಚೂ ಸೆರಗೂ ಬೇರೆ ಬೇರೆ ಎಂದು ಒಪ್ಪಿಕೊಂಡಾಗ ಮೂಲೆಯೆಂಬ ಪ್ರಶ್ನೆಯೇ ಹುಟ್ಟುವುದಿಲ್ಲ.

ಗಂಟು ಹಾಕಿ ನೇಯುವ ರತ್ನಗಂಬಳಿಯಲ್ಲಿ ಸ್ಥಿತಿ ಬೇರೆ. ಅಲ್ಲಿ ಪ್ರತಿಯೊಂದು ಗಂಟಿಗೂ ಬೇಕಾದ ಬಣ್ಣವನ್ನು ಕೊಡಬಹುದಾದ ಕಾರಣ, ಅಂಚು ತಿರುಗುವಂತೆ ನೇಯುವುದು ಸಾಧ್ಯ. ಪರ್ಷಿಯಾದ ಅರಮನೆಯ ಹಾಗೂ ನಗರದ ಕಾರ್ಖಾನೆಗಳಲ್ಲಿ ಚಿತ್ರವನ್ನು ಮೊದಲೇ ಕಾಗದದ ಮೇಲೆ ಪೂರ್ತಿಯಾಗಿ ಬರೆದುಕೊಂಡು ನೇಯುತ್ತಿದ್ದರು; ಅಂತಹ ಕಂಬಳಿಗಳಲ್ಲಿ ಅಂಚಿನ ಬಳ್ಳಿಯು ಮೂಲೆಯ ಕರ್ಣದ ಮೇಲೆ ಸಮನಾಗಿ ತಿರುಗುತ್ತದೆ. ಹಳ್ಳಿಗಳ ಮತ್ತು ಅಲೆಮಾರಿ ಜನರ ಕಂಬಳಿಗಳಲ್ಲಿ ಸಾಮಾನ್ಯವಾಗಿ ಅಡ್ಡದ ಅಂಚು ಬಂದು ನಿಲ್ಲುತ್ತದೆ, ಉದ್ದದ ಅಂಚು ಅಲ್ಲಿಂದ ಹೊಸದಾಗಿ ಮೊದಲಾಗುತ್ತದೆ. ಕಂಬಳಿಗಳನ್ನು ವರ್ಗೀಕರಿಸುವಾಗ ವಿದ್ವಾಂಸರು ಈ ಭೇದವನ್ನು ಬಹುಕಾಲದಿಂದ ಬಳಸುತ್ತಾ ಬಂದಿದ್ದಾರೆ. ಹಳ್ಳಿಯ ನೇಯ್ಗೆಯವಳಿಗೆ ಗಂಟು ಹಾಕುವ ಕೈಚಳಕ ಕಡಮೆಯೇನೂ ಇರಲಿಲ್ಲ. ಅವಳ ಎದುರಿಗೆ ಕಾಗದವಿರಲಿಲ್ಲ. ಅವಳು ನೆನಪಿನಿಂದ, ಕೆಳಗಿನಿಂದ ಮೇಲಕ್ಕೆ, ಕೆಲಸ ಬೆಳೆದಂತೆ ಬೆಳೆಸುತ್ತಾ ಹೋದಳು. ಮೂಲೆಯ ಭೇದಕ್ಕೆ ಮೂಲ ಇಲ್ಲಿದೆ. ನಿರ್ಧಾರವು ನೇಯ್ಗೆಗೆ ಮುಂಚೆ ಆಯಿತೋ ನೇಯ್ಗೆಯ ಜತೆಯಲ್ಲಿ ಆಯಿತೋ ಎಂಬುದನ್ನು ಅದು ತೋರಿಸುತ್ತದೆ.

೪

ಮಗ್ಗದ ಅಂಚು ಸೂಜಿಯ ಅಂಚಾಗಿ ಮಾರ್ಪಟ್ಟ ಒಂದು ಸಂದರ್ಭ ಚರಿತ್ರೆಯಲ್ಲಿ ಚೆನ್ನಾಗಿ ದಾಖಲಾಗಿದೆ. ಅದು ಕಾಶ್ಮೀರದ ಶಾಲಿನದು. ೧೮೨೨-೨೩ರಲ್ಲಿ ಶ್ರೀನಗರದಲ್ಲಿದ್ದ ವಿಲಿಯಂ ಮೂರ್‌ಕ್ರಾಫ್ಟನು ಶಾಲಿನ ಉದ್ಯಮವನ್ನು ವಿವರವಾಗಿ ಬರೆದಿಟ್ಟನು. ಅವನ ಮರಣಾನಂತರ, ೧೮೪೧ರಲ್ಲಿ, ಎಚ್. ಎಚ್. ವಿಲ್ಸನ್ನನು ಅವನ ಪ್ರವಾಸಕಥನವನ್ನು ಸಂಪಾದಿಸಿ ಪ್ರಕಟಿಸಿದನು. ಶಾಲಿನ ಒಂದೊಂದು ಭಾಗಕ್ಕೂ ಬೇರೆ ಹೆಸರಿದ್ದುದು ಅವನ ಬರಹದಿಂದ ತಿಳಿಯುತ್ತದೆ: ಉದ್ದದ ಅಂಚು ಹಾಶಿಯಾ, ಎರಡು ತುದಿಗಳ ಚಿತ್ರಪಟ್ಟಿ ಪಲ್ಲಾ, ಅದರ ಮೇಲೆ ಕೆಳಗೆ ಓಡುವ ಸರಪಣಿ ಜಂಜೀರ್, ನಡುವಣ ಒಡಲು ಮತನ್, ಮೂಲೆಯ ಹೂಗೊಂಚಲು ಕುಂಜ್‌ಬೂಟಾ. ಮೂಲೆಗೇ ಒಂದು ಸ್ವತಂತ್ರವಾದ ಹೆಸರೂ ಸ್ವತಂತ್ರವಾದ ಚಿತ್ರವೂ ಇದ್ದುದನ್ನು ಗಮನಿಸಬೇಕು. ಅಂಚನ್ನು ತಿರುಗಿಸುವ ಕಷ್ಟವನ್ನು ಒಂದು ಹೂಗೊಂಚಲು ಒಡಲಿನ ಕಡೆಯಿಂದ ಹಗುರಮಾಡುತ್ತಿತ್ತು.

ಕಾನಿ ಶಾಲನ್ನು ಸಣ್ಣ ಮರದ ಕಡ್ಡಿಗಳಿಗೆ ಬಣ್ಣದ ನೂಲನ್ನು ಸುತ್ತಿ, ಅವುಗಳಿಂದ ಒಂದೊಂದು ಬಣ್ಣವನ್ನೂ ಅದರ ಸ್ಥಳದಲ್ಲಿಯೇ ತಿರುವಿ ನೇಯುತ್ತಾರೆ. ಚಿತ್ರವನ್ನು ನಕ್ಕಾಶನು ಬರೆಯುವನು. ಬಣ್ಣಗಳ ಕ್ರಮವನ್ನು ತರಹಗುರು ಹೇಳುವನು. ಅದನ್ನು ತಾಲಿಮ್‌ಗುರು ಸಂಕೇತಲಿಪಿಯಲ್ಲಿ ಬರೆದು ನೇಕಾರರಿಗೆ ಕೊಡುವನು. ಇಂತಹ ಲಿಖಿತ ಯೋಜನೆ ಇದ್ದುದರಿಂದಲೇ ಒಂದು ಶಾಲಿನ ಕೆಲಸವನ್ನು ಹಲವು ಮಗ್ಗಗಳಿಗೆ ಹಂಚುವುದು ಸಾಧ್ಯವಾಯಿತು. ಒಂದೇ ಮಗ್ಗದಲ್ಲಿ ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತಿದ್ದ ಕೆಲಸ ಹೀಗೆ ಬೇಗ ಮುಗಿಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಆರಂಭದಿಂದ ಈ ಪದ್ಧತಿ ಬೆಳೆದುದನ್ನು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದ ಜಾನ್ ಇರ್ವಿನ್ನರು ಶಾಲನ್ನು ಕುರಿತ ತಮ್ಮ ೧೯೫೫ರ ಗ್ರಂಥದಲ್ಲಿ ವಿವರಿಸಿದ್ದಾರೆ. ಬೇರೆ ಬೇರೆಯಾಗಿ ಬಂದ ತುಂಡುಗಳನ್ನು, ಅಂಚುಪಟ್ಟಿಗಳನ್ನು ಕೂಡ, ಕಣ್ಣಿಗೆ ಕಾಣದಂತೆ ಹೊಲಿದು ಒಂದು ಮಾಡುವವನು ರಫೂಗಾರ. ಹೀಗೆ ಅಂಚಿನ ಮೂಲೆಯು ನೇಕಾರನ ಕೈಯಿಂದ ಸೂಜಿಯವನ ಕೈಗೆ ಬಂದಿತು.

ಇಬ್ಬರ ದಾಖಲೆಗಳಲ್ಲಿಯೂ ಎಷ್ಟು ವ್ಯತ್ಯಾಸವಿದೆಯೆಂಬುದನ್ನು ಇಲ್ಲಿ ಕಾಣಬಹುದು. ಶಾಲಿನ ನೇಕಾರರು ತೆರಿಗೆಯ ಮೂಲಕವೂ ಪ್ರತಿಭಟನೆಯ ಮೂಲಕವೂ ಚರಿತ್ರೆಯಲ್ಲಿ ಕಾಣಿಸಿಕೊಳ್ಳುತ್ತಾರೆ. ೧೮೬೫ರ ಏಪ್ರಿಲ್ ೨೯ರಂದು ಶ್ರೀನಗರದ ಜಾಲ್‌ಡಗರಿನಲ್ಲಿ ಅವರು ತೆರಿಗೆಯ ಭಾರದ ವಿರುದ್ಧ ಸೇರಿದಾಗ, ಸೈನಿಕರ ಕ್ರಮದಿಂದ ಅನೇಕರು ಪ್ರಾಣ ಕಳೆದುಕೊಂಡರು. ರಫೂಗಾರನ ವಿಷಯದಲ್ಲಿ ಇಂತಹ ಘಟನೆಯ ನೆನಪಿಲ್ಲ. ಅವನ ಕೆಲಸ ಎಷ್ಟು ಚೆನ್ನಾಗಿದ್ದಿತೋ ಅಷ್ಟೂ ಅದು ಅದೃಶ್ಯವಾಗಿರುತ್ತಿತ್ತು. ಶಾಲನ್ನು ತಿರುವಿ ಹಾಕಿ ಹಿಂಬದಿಯನ್ನು ನೋಡಿದಾಗ ಮಾತ್ರ ಅವನು ಸಿಕ್ಕುತ್ತಾನೆ.

ಕಾಶ್ಮೀರದ ಶಾಲನ್ನು ಅನುಕರಿಸಿ ಎಡಿನ್‌ಬರೋ, ನಾರಿಚ್, ಪೇಸ್ಲಿ ಮೊದಲಾದ ಊರುಗಳಲ್ಲಿ ಶಾಲುಗಳನ್ನು ನೇಯತೊಡಗಿದ ಮೇಲೆ ಮೂಲೆಯ ಸಮಸ್ಯೆಗೆ ಇನ್ನೊಂದು ಮುಖ ಬಂದಿತು. ಅಲ್ಲಿ ಅಂಚುಪಟ್ಟಿಗಳನ್ನು ಬೇರೆಯಾಗಿ ನೇಯ್ದು, ಸಾದಾ ಒಡಲಿನ ಸುತ್ತ ಹೊಲಿಯುತ್ತಿದ್ದರು. ಚೌಕ ಶಾಲನ್ನು ಕರ್ಣದ ಮೇಲೆ ಮಡಿಸಿ ಹೆಗಲಿಗೆ ಹೊದೆಯುವುದು ಆ ಕಾಲದ ಸ್ತ್ರೀಯರ ಪದ್ಧತಿ. ಹಾಗೆ ಮಡಿಸಿದಾಗ ಮೇಲಿನ ಅರ್ಧದ ಅಂಚು ತಿರುವುಮುರುವಾಗಿ ಅದರ ಹಿಂಬದಿ ಹೊರಗೆ ಕಾಣುತ್ತದೆ. ಇದನ್ನು ತಪ್ಪಿಸಲು, ಅಕ್ಕಪಕ್ಕದ ಎರಡು ಬದಿಗಳ ಅಂಚನ್ನು ಮುಂಬದಿಗೂ ಉಳಿದೆರಡು ಬದಿಗಳ ಅಂಚನ್ನು ಹಿಂಬದಿಗೂ ಮುಖಮಾಡಿ ಹೊಲಿದರು. ಮಡಿಸಿ ಹೊದ್ದಾಗ ನಾಲ್ಕು ಅಂಚುಗಳೂ ಸರಿಯಾದ ಮುಖವನ್ನೇ ತೋರುತ್ತಿದ್ದವು. ಇಂತಹ ಶಾಲಿನಲ್ಲಿ ಎರಡು ಮೂಲೆಗಳಲ್ಲಿ ಒಂದೇ ಮುಖದ ಪಟ್ಟಿಗಳು ಕೂಡುತ್ತವೆ; ಮಡಿಕೆಯ ತುದಿಯಲ್ಲಿ ಬರುವ ಉಳಿದೆರಡು ಮೂಲೆಗಳಲ್ಲಿ ಅಂಚು ತನ್ನ ಮುಖವನ್ನೇ ಬದಲಾಯಿಸುತ್ತದೆ. ಬಟ್ಟೆ ಮೈಮೇಲೆ ಹೇಗೆ ಕುಳಿತುಕೊಳ್ಳಬೇಕೆಂಬ ಯೋಚನೆ ಮೂಲೆಯ ಹೊಲಿಗೆಯಲ್ಲಿ ಅಡಗಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ವಿರಳ. ೧೮೭೦-೭೧ರ ಫ್ರೆಂಚ್-ಪ್ರಷ್ಯನ್ ಯುದ್ಧದಿಂದ ಕಾಶ್ಮೀರದ ಶಾಲಿಗೆ ಫ್ರಾನ್ಸಿನ ಮಾರುಕಟ್ಟೆ ಮುರಿದುಬಿದ್ದಿತು. ಉಡುಪಿನ ರೂಢಿಯೂ ಬದಲಾಯಿತು. ಆ ದಶಕದಲ್ಲಿ ಶಾಲಿನ ಉದ್ಯಮ ಎರಡು ಖಂಡಗಳಲ್ಲಿಯೂ ಕುಸಿಯಿತು.

೫

ಮನೆಯ ಹೊಲಿಗೆಯಲ್ಲಿ ಕರ್ಣಸಂಧಿಗೆ ಪ್ರಾಶಸ್ತ್ಯ ಬಂದುದನ್ನು ತಿಳಿಯಲು ಅರಿವೆಯ ಲೆಕ್ಕವನ್ನು ನೋಡಬೇಕು. ಸುಲಭಕ್ಕಾಗಿ ಚೌಕ ತುದಿಯ ಹಾಸನ್ನು ತೆಗೆದುಕೊಳ್ಳೋಣ: ಒಡಲು ೧೨ ಅಂಗುಲಕ್ಕೆ ೩೬ ಅಂಗುಲ, ಅಂಚು ೨ ಅಂಗುಲ. ನೇರಸಂಧಿಯಲ್ಲಿ ೩೬ ಅಂಗುಲದ ಎರಡು ಪಟ್ಟಿಗಳೂ ೧೬ ಅಂಗುಲದ ಎರಡು ಪಟ್ಟಿಗಳೂ ಸಾಕು. ಹೊಲಿಗೆಗೆ ಬಿಡುವುದನ್ನು ಬಿಟ್ಟರೆ ೨೦೮ ಚದರ ಅಂಗುಲ ಅರಿವೆ, ಒಂದು ಚೂರೂ ನಷ್ಟವಿಲ್ಲ. ಕರ್ಣಸಂಧಿಯಲ್ಲಿ ೪೦ ಅಂಗುಲದ ಎರಡೂ ೧೬ ಅಂಗುಲದ ಎರಡೂ ಬೇಕು. ಅರಿವೆ ೨೨೪ ಚದರ ಅಂಗುಲ. ಹೆಚ್ಚಾದ ೧೬ ಚದರ ಅಂಗುಲ ಎಂಟು ತ್ರಿಕೋನದ ಚೂರುಗಳಾಗಿ ಕತ್ತರಿಯ ಕೆಳಗೆ ಬೀಳುತ್ತದೆ. ಸಾದಾ ಬಟ್ಟೆಯಾದರೆ ಪಟ್ಟಿಗಳನ್ನು ಒಂದಕ್ಕೊಂದು ತಿರುಗಿಸಿ ಕತ್ತರಿಸಿ ಈ ನಷ್ಟವನ್ನು ಕಡಮೆಮಾಡಬಹುದು; ಚಿತ್ರಕ್ಕೆ ತಲೆ-ಬುಡ ಇದ್ದರೆ ಅದೂ ಆಗದು. ನಷ್ಟ ದೊಡ್ಡದಲ್ಲ. ಆದರೆ ೪೦ ಅಂಗುಲದ ತುಂಡಿಲ್ಲದ ಪಟ್ಟಿ ಬೇಕು ಎಂಬುದು ಎಲ್ಲರಿಗೂ ಒದಗುವ ಅನುಕೂಲವಲ್ಲ. ಅಂಗಡಿಯಿಂದ ಗಜಗಟ್ಟಲೆ ಬಟ್ಟೆಯನ್ನು ತರುವ ಮನೆಗೆ ಅದು ಸುಲಭ. ಹರಿದ ಬಟ್ಟೆಯಿಂದ ಹೊದಿಕೆ ಮಾಡುವ ಮನೆಗೆ ಅಲ್ಲ.

ಎಲಿಯಾಸ್ ಹೋವನು ೧೮೪೬ರಲ್ಲಿಯೂ ಐಸಾಕ್ ಸಿಂಗರನು ೧೮೫೧ರಲ್ಲಿಯೂ ಹೊಲಿಗೆಯ ಯಂತ್ರಕ್ಕೆ ಹಕ್ಕುಪತ್ರ ಪಡೆದರು. ಗಿರಣಿಯ ಬಟ್ಟೆ ಅಗ್ಗವಾಗಿ, ಯಂತ್ರವು ಮನೆ ಸೇರಿದ ಮೇಲೆ ಉದ್ದವಾದ ಅಂಚುಗಳನ್ನು ಹೊಲಿಯುವುದು ಸುಲಭವಾಯಿತು. ೧೯೭೯ರಲ್ಲಿ ಜಪಾನಿನ ಓಲ್ಫಾ ಸಂಸ್ಥೆಯು ಚಕ್ರಾಕಾರದ ಅಲಗುಳ್ಳ ಕತ್ತರಿಯನ್ನು ತಂದಿತು. ಕೋನದ ಗೆರೆಗಳನ್ನು ಬರೆದ ಪಾರದರ್ಶಕ ಅಳತೆಪಟ್ಟಿಯ ಜತೆ ಅದನ್ನು ಬಳಸತೊಡಗಿದ ಮೇಲೆ, ಮೊನೆಯ ಕೋನವನ್ನೂ ಹೆಗಲಿನ ಕೋನವನ್ನೂ ತಪ್ಪಿಲ್ಲದೆ ಕತ್ತರಿಸುವುದು ಹವ್ಯಾಸಿಗೂ ಸಾಧ್ಯವಾಯಿತು. ಹಿಂದೆ ಅಪೂರ್ವವಾಗಿದ್ದ ನಿಖರತೆ ಹೀಗೆ ಸಾಮಾನ್ಯವಾಯಿತು. ಸಾಮಾನ್ಯವಾದುದೇ ಕ್ರಮೇಣ ಎಲ್ಲರೂ ಮುಟ್ಟಲೇಬೇಕಾದ ಮಟ್ಟವೆನ್ನಿಸಿಕೊಂಡಿತು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಬಟ್ಟೆಯ ಕೊರತೆಯೇ ನೇರಸಂಧಿಗೆ ಕಾರಣವೆಂದರೆ, ಕೊರತೆಯಿಲ್ಲದವರು ಅದನ್ನು ಏಕೆ ಬಳಸಿದರು? ಅಮೆರಿಕದ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸೀಮೆಯ ಆಮಿಷ್ ಜನರ ಕೌದಿಗಳು ಇದಕ್ಕೆ ನಿದರ್ಶನ. ಅವರು ಕೊಂಡುತಂದ ಒಳ್ಳೆಯ ಉಣ್ಣೆಯ ಬಟ್ಟೆಯಲ್ಲಿ ಅಗಲವಾದ ಅಂಚುಗಳನ್ನು ಹಚ್ಚಿ, ಮೂಲೆಗಳಲ್ಲಿ ಬೇರೆ ಬಣ್ಣದ ದೊಡ್ಡ ಚೌಕಗಳನ್ನು ಕೂಡಿಸುತ್ತಿದ್ದರು. ಕರ್ಣಸಂಧಿಯನ್ನು ಸಾಮಾನ್ಯವಾಗಿ ಬಳಸಲಿಲ್ಲ. ಆಕ್ಷೇಪ ಯುಕ್ತವಾದುದು, ಆದರೆ ಅದರಿಂದ ನಮ್ಮ ವಾದ ಬೀಳದೆ ಇನ್ನಷ್ಟು ನಿಖರವಾಗುತ್ತದೆ. ಆಮಿಷ್ ಜನರು ಚಿತ್ರವಿರುವ ಬಟ್ಟೆಯನ್ನು ಬಳಸುತ್ತಿರಲಿಲ್ಲ. ಪಟ್ಟೆಯೋ ಬಳ್ಳಿಯೋ ಇರುವ ಅಂಚಿಗೆ ಮಾತ್ರ ತಿರುಗುವ ಆವಶ್ಯಕತೆಯಿರುವುದು. ಒಂದೇ ಬಣ್ಣದ ಅಂಚಿನಲ್ಲಿ ಕರ್ಣಸಂಧಿ ಕಣ್ಣಿಗೆ ಬೀಳುವುದೇ ಇಲ್ಲ. ಆದುದರಿಂದ ಅರಿವೆಯ ಉದ್ದದ ಜತೆಗೆ ಚಿತ್ರದ ದಿಕ್ಕನ್ನೂ ಎಣಿಕೆಗೆ ತೆಗೆದುಕೊಳ್ಳಬೇಕು. ೧೯೭೧ರಲ್ಲಿ ಜಾನಥನ್ ಹೋಲ್ಸ್ಟೈನ್ ಮತ್ತು ಗೇಲ್ ವಾನ್ ಡರ್ ಹೂಫ್ ಇವರು ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯದಲ್ಲಿ ಅಮೆರಿಕದ ಕೌದಿಗಳ ಪ್ರದರ್ಶನವನ್ನು ಏರ್ಪಡಿಸಿದಾಗ, ಕಲಾವಿಮರ್ಶಕರು ಕೌದಿಗಳನ್ನು ಆಧುನಿಕ ಚಿತ್ರಕಲೆಯ ಪಕ್ಕದಲ್ಲಿಟ್ಟು ನೋಡಿದರು. ಮೂಲೆಯ ಓರೆಹೊಲಿಗೆ ಅವರ ಮೆಚ್ಚಿಕೆಗೆ ಷರತ್ತಾಗಿರಲಿಲ್ಲ.

ಮೂರನೆಯ ಸಂಗತಿ ನಿರ್ಧಾರದ ಕಾಲ. ಅಲಬಾಮ ಸಂಸ್ಥಾನದ ವಿಲ್‌ಕಾಕ್ಸ್ ಸೀಮೆಯ ಜೀಸ್ ಬೆಂಡ್ ಎಂಬ ಹಳ್ಳಿಯಲ್ಲಿ, ಒಂದು ಕಾಲಕ್ಕೆ ಗುಲಾಮರಾಗಿದ್ದವರ ವಂಶದ ಸ್ತ್ರೀಯರು ‘ಹೌಸ್‌ಟಾಪ್’ ಎಂಬ ಬಗೆಯ ಕೌದಿಯನ್ನು ಹೊಲಿಯುತ್ತಾರೆ. ನಡುವಣ ಒಂದು ತುಂಡಿನಿಂದ ಮೊದಲುಮಾಡಿ, ಅದರ ನಾಲ್ಕು ಬದಿಗೂ ಪಟ್ಟಿಗಳನ್ನು ಹಚ್ಚುತ್ತ, ಮತ್ತೆ ಅವುಗಳ ಸುತ್ತ ಇನ್ನಷ್ಟು ಪಟ್ಟಿಗಳನ್ನು ಹಚ್ಚುತ್ತ ಅದು ಬೆಳೆಯುತ್ತದೆ. ಸವೆದ ಕೆಲಸದ ಬಟ್ಟೆಗಳೇ ಸಾಮಗ್ರಿ. ಪ್ರತಿಯೊಂದು ಪಟ್ಟಿಯೂ ಹಿಂದಿನದರ ತುದಿಯನ್ನು ಮುಚ್ಚಿಕೊಂಡು ನೇರಸಂಧಿಯಲ್ಲಿ ಕೂಡುತ್ತದೆ. ಎಲ್ಲಿ ನಿಲ್ಲಬೇಕೆಂಬುದನ್ನು ಬಟ್ಟೆ ಮುಗಿದಾಗಲೋ ಹಾಸಿಗೆಗೆ ಸಾಕಾದಾಗಲೋ ನಿರ್ಧರಿಸಬಹುದು. ಕರ್ಣಸಂಧಿಯಲ್ಲಿ ಈ ಸ್ವಾತಂತ್ರ್ಯ ಉಳಿಯುವುದಿಲ್ಲ. ಅಲ್ಲಿ ಹೊರಗಿನ ಅಳತೆ ಮೊದಲೇ ಗೊತ್ತಿರಬೇಕು. ಹಳ್ಳಿಯ ರತ್ನಗಂಬಳಿಯಲ್ಲಿ ನಾವು ಕಂಡ ಭೇದವೇ ಇಲ್ಲಿಯೂ ಇದೆ. ೨೦೦೨ರಲ್ಲಿ ಈ ಕೌದಿಗಳೂ ವಿಟ್ನಿಯಲ್ಲಿ ಪ್ರದರ್ಶಿತವಾದವು.

೬

ಸವೆದ ಬಟ್ಟೆ, ಬೆಳೆಯುತ್ತ ಹೋಗುವ ಕೆಲಸ ಎಂಬ ಇದೇ ಸ್ಥಿತಿಗಳು ನಮ್ಮ ನಾಡಿನಲ್ಲಿಯೂ ಉಂಟು. ಉತ್ತರ ಕರ್ನಾಟಕದ ಮನೆಮನೆಯ ಕೌದಿ ಎಲ್ಲರೂ ಬಲ್ಲ ವಸ್ತು. ಮೂಲೆಯ ದೃಷ್ಟಿಯಿಂದ ವಿಶೇಷವಾಗಿ ವಿಚಾರಾರ್ಹವಾದುದು ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡು, ಅಂಕೋಲಾ ಸೀಮೆಗಳ ಸಿದ್ದಿ ಸ್ತ್ರೀಯರ ಕೌದಿ. ಸಿದ್ದಿಗಳು ಆಫ್ರಿಕದಿಂದ ಬಂದವರ ಸಂತತಿ. ಅವರಲ್ಲಿ ಅನೇಕರ ಪೂರ್ವಿಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರೂ ಬಿಡುಗಡೆಯಾದವರೂ ಘಟ್ಟದ ಕಾಡು ಸೇರಿದರು. ೨೦೦೩ರಲ್ಲಿ ಇವರು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಇವರ ಕೌದಿಗಳನ್ನು ಕಲಾಚರಿತ್ರಕಾರರಾದ ಹೆನ್ರಿ ಜಾನ್ ಡ್ರೂವಲ್ಲರು ಅಧ್ಯಯನಮಾಡಿ ಹೊರನಾಡುಗಳಿಗೆ ಪರಿಚಯಿಸಿದ್ದಾರೆ.

‘ಕವಂದ್’ ಎಂದು ಕರೆಯುವ ಈ ಕೌದಿಯ ತಳಕ್ಕೆ ಸಾಮಾನ್ಯವಾಗಿ ಹಳೆಯ ಸೀರೆ. ಹೊಲಿಗೆಯು ಹೊರ ಅಂಚಿನ ಒಂದು ಮೂಲೆಯಿಂದ ಮೊದಲಾಗಿ, ತುಂಡುಗಳನ್ನು ಹಚ್ಚುತ್ತ ಹೊದಿಕೆಯ ಸುತ್ತಲೂ ಹೋಗಿ, ಸುತ್ತು ಸುತ್ತಾಗಿ ಒಳಕ್ಕೆ ಸರಿದು ನಡುವಿನಲ್ಲಿ ಮುಗಿಯುತ್ತದೆ. ಜೀಸ್ ಬೆಂಡಿನ ಹೌಸ್‌ಟಾಪಿಗೆ ಇದು ಪ್ರತಿಲೋಮ: ಅಲ್ಲಿ ನಡುವಿನಿಂದ ಹೊರಕ್ಕೆ, ಇಲ್ಲಿ ಅಂಚಿನಿಂದ ಒಳಕ್ಕೆ. ಇಲ್ಲಿ ಹೊರ ಅಳತೆಯನ್ನು ತಳದ ಸೀರೆ ಮೊದಲೇ ಕೊಟ್ಟಿರುತ್ತದೆ. ಬೆಳೆಯುತ್ತ ಹೋಗುವುದು ತುಂಡುಗಳ ಜೋಡಣೆ. ಒಂದೊಂದು ಸುತ್ತಿಗೂ ತುಂಡಿಲ್ಲದ ಉದ್ದ ಪಟ್ಟಿ ದೊರೆಯದ ಕಾರಣ ಅಂಚನ್ನು ಕರ್ಣದ ಮೇಲೆ ತಿರುಗಿಸುವ ಮಾತೇ ಬರುವುದಿಲ್ಲ. ಸಿದ್ದಿ ಸ್ತ್ರೀಯರು ಮೂಲೆಯನ್ನು ಅಷ್ಟಕ್ಕೇ ಬಿಟ್ಟಿಲ್ಲ. ಕೆಲಸದ ಕೊನೆಗೆ ಒಂದೊಂದು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಹೊಲಿಯುತ್ತಾರೆ. ಇದಕ್ಕೆ ‘ಫುಲಾ’, ಎಂದರೆ ಹೂವು, ಎಂದು ಹೆಸರು. ಹೂವಿಲ್ಲದ ಕೌದಿ ಬತ್ತಲೆಯೆಂದು ಅವರು ಭಾವಿಸುತ್ತಾರೆ.

ಕಾಶ್ಮೀರದ ಕುಂಜ್‌ಬೂಟಾಕ್ಕೂ ಸಿದ್ದಿ ಕೌದಿಯ ಹೂವಿಗೂ ಯಾವ ಸಂಬಂಧವೂ ಇಲ್ಲ. ಒಂದು ಅರಮನೆಗಳಿಗೆ ಮಾರಾಟವಾದ ವಸ್ತು, ಇನ್ನೊಂದು ಮೊಮ್ಮಕ್ಕಳ ಚಳಿಗೆ ಹೊಲಿದದ್ದು. ಆದರೂ ಮೂಲೆಯೆಂಬ ಕಷ್ಟದ ಸ್ಥಳಕ್ಕೆ ಎರಡೂ ಕಡೆ ಹೂವೇ ಬಂದಿದೆ. ಮೂಲೆ ಸುಮ್ಮನೆ ಬಿಡಬಾರದ ಸ್ಥಳವೆಂಬ ಪ್ರಜ್ಞೆ ಇಬ್ಬರಲ್ಲಿಯೂ ಇದ್ದಿತು. ಕರ್ಣಸಂಧಿಯು ಆ ಪ್ರಜ್ಞೆಯ ಅಭಿವ್ಯಕ್ತಿಗಳಲ್ಲಿ ಒಂದು ಮಾತ್ರ.

೭

ಇದುವರೆಗೆ ಹೇಳಿದುದನ್ನು ಸಂಗ್ರಹಿಸಬಹುದು. ಕರ್ಣಸಂಧಿಗೆ ಮೂರು ಅನುಕೂಲಗಳು ಬೇಕು: ತುಂಡಿಲ್ಲದ ಉದ್ದನೆಯ ಅರಿವೆ, ತಿರುಗಬೇಕಾದ ಚಿತ್ರ, ಮೊದಲೇ ಗೊತ್ತಾದ ಹೊರ ಅಳತೆ. ಈ ಮೂರೂ ಕೂಡಿದಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಒಂದು ತಪ್ಪಿದರೂ ಬೇರೆ ಉಪಾಯ ಬರುತ್ತದೆ. ಮೊನೆಯುಳ್ಳ ಮೇಜುಹಾಸಿನಲ್ಲಿ ಮೂರು ಅನುಕೂಲಗಳೂ ಸಾಮಾನ್ಯವಾಗಿ ಕೂಡಿರುವುದರಿಂದ ಅಲ್ಲಿ ಕರ್ಣಸಂಧಿ ಸಹಜ. ಅದನ್ನು ಚೆನ್ನಾಗಿ ಹೊಲಿಯಲು ನೈಪುಣ್ಯ ಬೇಕೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ಅಭಾವದಿಂದ ನೈಪುಣ್ಯದ ಅಭಾವವನ್ನು ಊಹಿಸುವುದು ತರ್ಕದೋಷ.

ಈ ದೋಷದಿಂದ ನಷ್ಟವೂ ಆಗುತ್ತದೆ. ಒರಟು ಕೆಲಸವೆಂದು ಎಣಿಸಲ್ಪಟ್ಟ ವಸ್ತುವನ್ನು ಯಾರೂ ಸಂಗ್ರಹಿಸುವುದಿಲ್ಲ. ಜರಿಯ ಸೀರೆ ಪೆಟ್ಟಿಗೆಯಲ್ಲಿ ಉಳಿಯುತ್ತದೆ; ಕೌದಿ ಹೊದೆದು, ಒಗೆದು, ಸವೆದು, ಕೊನೆಗೆ ಇನ್ನೊಂದು ಕೌದಿಯ ಒಳಪದರವಾಗಿ ಮರೆಯಾಗುತ್ತದೆ. ಅದರೊಡನೆ ಅದನ್ನು ಹೊಲಿದವಳ ಏಕೈಕ ದಾಖಲೆಯೂ ಹೋಗುತ್ತದೆ. ಹಳೆಯ ಕೌದಿಯೊಂದು ಕೈಗೆ ಸಿಕ್ಕಾಗ ಚರಿತ್ರೆಯ ವಿದ್ಯಾರ್ಥಿಗಳು ಅದನ್ನು ತಿರುವಿ ಹಾಕಿ ನೋಡಬೇಕು. ಅದರಲ್ಲಿರುವ ಅತ್ಯಂತ ಉದ್ದವಾದ ತುಂಡಿನ ಅಳತೆಯೆಷ್ಟು, ಮೂಲೆಯಲ್ಲಿ ಯಾವ ಪಟ್ಟಿ ಯಾವುದರ ತುದಿಯನ್ನು ಮುಚ್ಚಿದೆ, ಹೊಲಿಗೆ ಎಲ್ಲಿ ಮೊದಲಾಗಿ ಎಲ್ಲಿ ಮುಗಿದಿದೆ ಎಂಬ ಮೂರನ್ನು ಬರೆದುಕೊಂಡರೆ, ಆ ಮನೆಯ ಬಟ್ಟೆಯ ಸ್ಥಿತಿಯೂ ಹೊಲಿದವಳು ಕೆಲಸವನ್ನು ಯೋಚಿಸಿದ ಕ್ರಮವೂ ಬಹುಮಟ್ಟಿಗೆ ತಿಳಿಯುತ್ತವೆ. ಇದಕ್ಕೆ ದೊಡ್ಡ ಗ್ರಂಥಾಲಯವಾಗಲಿ ದುಬಾರಿಯ ಉಪಕರಣವಾಗಲಿ ಬೇಕಿಲ್ಲ. ಒಂದು ಅಳತೆಪಟ್ಟಿ, ಒಂದು ನೋಟ್‌ಪುಸ್ತಕ, ಮನೆಯ ಹಿರಿಯರೊಡನೆ ಕುಳಿತು ಕೇಳುವ ತಾಳ್ಮೆ ಇದ್ದರೆ ಸಾಕು. ಹೊಲಿದವರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.